ಆಟಿಕೆ ಚೀಲದಲ್ಲಿ ಬಂದ ದಂಗೆ: ಸೇಶೆಲ್ಸ್, 1981

1981ರ ನವೆಂಬರ್ 25. ಸೇಶೆಲ್ಸ್ ದೇಶದ ಮಾಹೆ ದ್ವೀಪದಲ್ಲಿ (ನಮ್ಮ ಕೇರಳದ ಪಕ್ಕದ ಮಾಹೆ ಅಲ್ಲ) ರಾಯಲ್ ಸ್ವಾಜಿ ನ್ಯಾಷನಲ್ ಏರ್‌ವೇಸ್‌ನ ಒಂದು ಸಣ್ಣ ಫಾಕರ್ ವಿಮಾನ ಇಳಿಯಿತು. ಒಳಗಿಂದ ನಲವತ್ತಕ್ಕೂ ಜಾಸ್ತಿ ಗಂಡಸರು ಇಳಿದು ಬಂದರು. ಗಟ್ಟಿಮುಟ್ಟಾದ ಆಳುಗಳು, ರಜೆಗೆ ಬಂದವರ ವೇಷ. ಕೇಳಿದರೆ, ನಾವು ಬಿಯರ್ ಪ್ರಿಯರ ಕ್ಲಬ್ಬಿನವರು, ಇಲ್ಲಿನ ಮಕ್ಕಳಿಗೆ ಆಟಿಕೆ ಹಂಚೋಕೆ ಬಂದಿದ್ದೇವೆ ಅನ್ನುವ ಉತ್ತರ. ಕ್ಲಬ್ಬಿನ ಹೆಸರು 'ಏನ್ಷಿಯೆಂಟ್ ಆರ್ಡರ್ ಆಫ್ ಫ್ರಾತ್ ಬ್ಲೋವರ್ಸ್', ಅಂದರೆ ಬಿಯರಿನ ನೊರೆ ಊದುವವರ ಪುರಾತನ ಸಂಘ. ಇಂಥದ್ದೊಂದು ಸಂಘ 1920ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ನಿಜಕ್ಕೂ ಇತ್ತು. ನಗುನಗುತ್ತಾ ಕುಡಿಯೋದು, ಮಕ್ಕಳಿಗೋಸ್ಕರ ಚಂದಾ ಎತ್ತೋದು ಅವರ ಕೆಲಸವಾಗಿತ್ತು. ಅದು ಮುಚ್ಚಿಹೋಗಿ ಎಷ್ಟೋ ವರ್ಷ ಆಗಿತ್ತು, ಹಾಗಾಗಿ ಹೆಸರು ಪುಕ್ಕಟೆ ಸಿಕ್ಕಿತು.

ಚೀಲಗಳಲ್ಲಿ ಆಟಿಕೆಗಳಂತೂ ಇದ್ದವು. ಆದರೆ ಪ್ರತಿ ಚೀಲಕ್ಕೂ ತಳದ ಕೆಳಗೆ ಇನ್ನೊಂದು ಕಳ್ಳತಳ. ಅದರೊಳಗೆ ಬಿಡಿಭಾಗ ಮಾಡಿಟ್ಟ ಎಕೆ-47. ಒಬ್ಬೊಬ್ಬರಾಗಿ ಕಸ್ಟಮ್ಸ್ ದಾಟಿ ಹೊರಗೆ ನಿಂತಿದ್ದ ಬಸ್ಸು ಹತ್ತುತ್ತಿದ್ದರು. ಬಹುತೇಕ ಎಲ್ಲರೂ ಪಾರಾಗಿದ್ದರು. ಕೊನೆಕೊನೆಗೆ ಒಬ್ಬನ ಚೀಲ ಮಾತ್ರ ಅಧಿಕಾರಿಯ ಕೈಗೆ ಸಿಕ್ಕಿತು. ಅವರು ತಳದವರೆಗೂ ಕೈಹಾಕಿ ನೋಡಿದರು, ಬಂದೂಕು ಸಿಕ್ಕೇಬಿಟ್ಟಿತು. ಅವತ್ತೇ ಹೊಡೆದಾಟ ಅಂತ ಯೋಜನೆಯೇ ಇರಲಿಲ್ಲ, ಹೋಟೆಲುಗಳಿಗೆ ಚದುರಿ ಹೋಗಿ ಸಮಯ ನೋಡಿ ಏಳಬೇಕು ಅಂತಿತ್ತು. ಈಗ ವಿಮಾನ ನಿಲ್ದಾಣದಲ್ಲೇ ಗುಂಡು ಹಾರಿತು.

ಈ ಗುಂಪಿನ ನಾಯಕ 'ಮ್ಯಾಡ್ ಮೈಕ್' ಅಂತಲೇ ಹೆಸರಾಗಿದ್ದ ಮೈಕ್ ಹೋರ್. 1919ರಲ್ಲಿ ನಮ್ಮ ಕಲ್ಕತ್ತೆಯಲ್ಲೇ ಹುಟ್ಟಿದ ಐರಿಷ್ ಮೂಲದವನು, ಓದಿದ್ದು ಲೆಕ್ಕಪತ್ರದ ವಿದ್ಯೆ. 1964-65ರಲ್ಲಿ ಕಾಂಗೋದಲ್ಲಿ '5 ಕಮಾಂಡೊ' ಅನ್ನುವ ಬಾಡಿಗೆ ಸೈನಿಕರ ಪಡೆ ನಡೆಸಿ ಜಗತ್ತಿಗೆಲ್ಲ ಗೊತ್ತಾದವನು. ಸೇಶೆಲ್ಸ್‌ಗೆ ಬಂದಾಗ ವಯಸ್ಸು 62. ಪತ್ರಿಕೆಗಳು ಈ ಕಥೆಯನ್ನು ಬಹಳ ಸಲ ಮೈಕ್ ಹೋರ್‌ನ ಸಾಹಸ, ಇಲ್ಲವೇ ಹುಚ್ಚಾಟ ಅಂತಲೇ ಬರೆದವು. ಓದೋಕೆ ಮಜಾ ಇರುತ್ತೆ, ನಿಜ. ಆದರೆ ಬರೀ ಅವನನ್ನೇ ನೋಡುತ್ತಾ ಕೂತರೆ ಮುಖ್ಯವಾದ್ದು ಕಣ್ತಪ್ಪುತ್ತದೆ. ಬಂದೂಕು ಕೊಟ್ಟವರು ಯಾರು, ಅಷ್ಟು ಕೊಟ್ಟವರು ಮುಂದಿನ ಹೆಜ್ಜೆಗೆ ಯಾಕೆ ಜೊತೆಗೆ ಬರಲಿಲ್ಲ, ಸಿಕ್ಕಿಬಿದ್ದ ಮೇಲೆ ಯಾವ ತಪ್ಪಿಗೆ ಶಿಕ್ಷೆ ಆಯಿತು, ಇವು ನನಗೆ ಜಾಸ್ತಿ ಕುತೂಹಲ ಹುಟ್ಟಿಸುವ ಪ್ರಶ್ನೆಗಳು.

ಮೊದಲು ಆ ಜಾಗದ ಬಗ್ಗೆ ಸ್ವಲ್ಪ ಹೇಳಬೇಕು. ಸೇಶೆಲ್ಸ್ ಅಂದರೆ ಹಿಂದೂ ಮಹಾಸಾಗರದಲ್ಲಿ ಚೆಲ್ಲಿದಂತಿರುವ ನೂರಕ್ಕೂ ಹೆಚ್ಚು ದ್ವೀಪಗಳು. ಆಗಿನ ಜನಸಂಖ್ಯೆ 65 ಸಾವಿರದಷ್ಟು, ನಮ್ಮ ಒಂದು ಮಧ್ಯಮ ತಾಲೂಕು ಕೇಂದ್ರದಷ್ಟು. ಇಷ್ಟು ಸಣ್ಣ ದೇಶ ಯಾರಿಗೆ ಯಾಕೆ ಬೇಕು ಅಂತ ಅನ್ನಿಸಬಹುದು. ಬೇಕಾಗಿದ್ದದ್ದು ಜನ ಅಲ್ಲ, ಜಾಗ. ಆಫ್ರಿಕಾ, ಅರೇಬಿಯಾ, ಭಾರತದ ನಡುವೆ ತೈಲ ಹಡಗುಗಳು ಓಡಾಡುವ ನೀರಿನಲ್ಲಿ ಅದು ಕೂತಿದೆ. ಮಾಹೆಯ ಲಾ ಮಿಸೇರ್ ಗುಡ್ಡದ ಮೇಲೆ ಅಮೆರಿಕದ ವಾಯುಪಡೆ 1963ರಿಂದಲೇ ಉಪಗ್ರಹ ನಿಗಾ ಕೇಂದ್ರ ಇಟ್ಟುಕೊಂಡಿತ್ತು. 1965ರಲ್ಲಿ ಬ್ರಿಟಿಷರು ಸೇಶೆಲ್ಸ್‌ನಿಂದ ಆಲ್ಡಾಬ್ರಾ, ಫರ್ಕುಹಾರ್, ಡೆರೋಶ್ ದ್ವೀಪಗಳನ್ನು ಕಿತ್ತು, ಡಿಯಾಗೊ ಗಾರ್ಸಿಯಾ ಇರುವ ಚಾಗೋಸ್ ಜೊತೆ ಸೇರಿಸಿ ಒಂದು ಹೊಸ ವಸಾಹತು ಮಾಡಿದರು, ಅಮೆರಿಕದ ಸೇನೆಗೆ ಅನುಕೂಲ ಆಗಲಿ ಅಂತ. ಅದಕ್ಕೆ ಪರಿಹಾರವಾಗಿ ಸೇಶೆಲ್ಸ್‌ಗೆ ಸಿಕ್ಕಿದ್ದು ಒಂದು ವಿಮಾನ ನಿಲ್ದಾಣ. ಹೌದು, ಹೋರ್‌ನ ಹುಡುಗರು ಆಟಿಕೆ ಚೀಲ ಹಿಡಿದು ಇಳಿದ ಅದೇ ನಿಲ್ದಾಣ. ಕಿತ್ತುಕೊಂಡ ಮೂರು ದ್ವೀಪಗಳು 1976ರಲ್ಲಿ ಸ್ವಾತಂತ್ರ್ಯದ ಜೊತೆ ವಾಪಸ್ ಬಂದವು. ಡಿಯಾಗೊ ಗಾರ್ಸಿಯಾ ಇವತ್ತಿಗೂ ಸೇನಾ ನೆಲೆ.

ಸ್ವಾತಂತ್ರ್ಯ ಬಂದಾಗ ಜೇಮ್ಸ್ ಮ್ಯಾಂಚಮ್ ಅಧ್ಯಕ್ಷ, ಫ್ರಾನ್ಸ್-ಆಲ್ಬರ್ಟ್ ರೆನೆ ಪ್ರಧಾನಿ. ಸಮ್ಮಿಶ್ರ ಸರ್ಕಾರ. ಒಂದು ವರ್ಷವೂ ನೆಟ್ಟಗೆ ನಡೆಯಲಿಲ್ಲ. 1977ರ ಜೂನ್ 5ರಂದು ಮ್ಯಾಂಚಮ್ ಕಾಮನ್‌ವೆಲ್ತ್ ಸಭೆಗೆ ಅಂತ ಲಂಡನ್ನಿನಲ್ಲಿದ್ದಾಗ, ತಾಂಜಾನಿಯಾದಲ್ಲಿ ತರಬೇತಿ ಪಡೆದಿದ್ದ ಕೆಲವೇ ಹತ್ತಾರು ಜನ ಪೊಲೀಸ್ ಶಸ್ತ್ರಾಗಾರಕ್ಕೆ ನುಗ್ಗಿದರು. ರೆನೆ ಅಧ್ಯಕ್ಷರಾದರು. ಅಂದರೆ 1981ರಲ್ಲಿ ದಂಗೆಯಿಂದ ಉರುಳಿಸೋಕೆ ಹೊರಟಿದ್ದ ಸರ್ಕಾರವೂ ದಂಗೆಯಿಂದಲೇ ಬಂದದ್ದು, ಅದರ ಹಿಂದೆಯೂ ಹೊರಗಿನವರ ಕೈ ಇತ್ತು. ಇದನ್ನು ಬಿಟ್ಟು ಕಥೆ ಹೇಳುವವರು ಒಂದೋ ರೆನೆಯ ಅಭಿಮಾನಿಗಳು, ಇಲ್ಲಾ ಅರ್ಧ ಓದಿದವರು.

ರೆನೆ ಸಮಾಜವಾದಿ. ಏಕಪಕ್ಷದ ಆಡಳಿತ ತಂದರು, ಶಾಲೆ, ಆಸ್ಪತ್ರೆ ಕಟ್ಟಿಸಿದರು, ವಿರೋಧಿಗಳನ್ನು ಜೈಲಿಗೂ ಹಾಕಿದರು, ದೇಶ ಬಿಟ್ಟೂ ಓಡಿಸಿದರು. ತಾಂಜಾನಿಯಾದ ಸೈನಿಕರನ್ನು ಕರೆಸಿಕೊಂಡರು, ಸೋವಿಯತ್ ಶಸ್ತ್ರ ತಂದರು. ಆದರೆ ಗುಡ್ಡದ ಮೇಲಿನ ಅಮೆರಿಕದ ಕೇಂದ್ರವನ್ನು ಮಾತ್ರ ಮುಟ್ಟಲಿಲ್ಲ, ಬಾಡಿಗೆ ಎಣಿಸಿಕೊಂಡರು. ಆ ಕೇಂದ್ರ ಮುಚ್ಚಿದ್ದು 1996ರಲ್ಲಿ, ಅದೂ ಅಮೆರಿಕಕ್ಕೆ ಬೇಡವಾದಾಗ. ರೆನೆಯನ್ನು ಮಾಸ್ಕೋದ ಗೊಂಬೆ ಅಂತ ಬರೆದವರು ಈ ಬಾಡಿಗೆ ವಿಷಯ ಬಂದಾಗ ಯಾಕೋ ತೆಪ್ಪಗಿರುತ್ತಿದ್ದರು.

ಹೋರ್‌ಗೆ ಬಂದೂಕು ಕೊಟ್ಟ ದಕ್ಷಿಣ ಆಫ್ರಿಕಾಕ್ಕೆ ಇದರಲ್ಲಿ ಏನು ಲಾಭ? ಅದು ವರ್ಣಭೇದದ ಸರ್ಕಾರ. ಸುತ್ತಲಿನ ದೇಶಗಳು ಒಂದೊಂದಾಗಿ ಕೈಬಿಟ್ಟು ಹೋಗುತ್ತಿದ್ದ ಕಾಲ, 1980ರಲ್ಲಿ ರೊಡೇಶಿಯಾ ಜಿಂಬಾಬ್ವೆ ಆಗಿತ್ತು. ರೆನೆ ಸೌತ್ ಆಫ್ರಿಕನ್ ಏರ್‌ವೇಸ್ ಇಳಿಯುವುದಕ್ಕೂ ತಡೆ ಹಾಕಿದ್ದರು. ಮಾಹೆಯಲ್ಲಿ ಮಾತು ಕೇಳುವ ಒಬ್ಬ ಅಧ್ಯಕ್ಷ ಇದ್ದರೆ ವಿಮಾನಕ್ಕೆ ದಾರಿ, ರಾಜತಾಂತ್ರಿಕವಾಗಿ ಒಬ್ಬ ಗೆಳೆಯ, ಎರಡೂ ಸಿಗುತ್ತಿದ್ದವು. ಇನ್ನು ರೊಡೇಶಿಯಾ ಯುದ್ಧ ಮುಗಿದ ಮೇಲೆ ಕೆಲಸವಿಲ್ಲದೆ ಕೂತಿದ್ದ ಸೈನಿಕರಿಗೆ ಕೊರತೆಯೇ ಇರಲಿಲ್ಲ. ಹೋರ್ ಆರಿಸಿಕೊಂಡವರಲ್ಲಿ ಅವರಿದ್ದರು, ದಕ್ಷಿಣ ಆಫ್ರಿಕಾದ ವಿಶೇಷ ಪಡೆಯ ಮೀಸಲು ಸೈನಿಕರಿದ್ದರು, ಕಾಂಗೋ ಕಾಲದ ಹಳೇ ಸಂಗಡಿಗರೂ ಇದ್ದರು.

ದುಡ್ಡು ಮತ್ತು ಆಸೆ ದೇಶಭ್ರಷ್ಟ ಸೇಶೆಲ್ಸ್ ಜನರದ್ದು, ಬಂದೂಕು ದಕ್ಷಿಣ ಆಫ್ರಿಕಾ ಸೇನೆಯದ್ದು, ಆಳು ಹೋರ್‌ನವರು. ಗೆದ್ದ ಮೇಲೆ ಕೆನ್ಯಾದಿಂದ ಮ್ಯಾಂಚಮ್ ಕಡೆಯವರು ಬಂದಿಳಿದು ಸರ್ಕಾರ ಮಾಡುತ್ತಾರೆ ಅಂತ ಹೋರ್ ಹೇಳಿಕೊಂಡ. ಕೆನ್ಯಾ ಅದನ್ನು ಅಲ್ಲಗಳೆಯಿತು. ದಕ್ಷಿಣ ಆಫ್ರಿಕಾದ ಒಳಗೂ ಒಂದು ಜಗಳ ನಡೆದಿತ್ತು: ನಾಗರಿಕ ಗುಪ್ತಚರ ಸಂಸ್ಥೆ ಒಂದು ಕಡೆ, ಸೇನೆಯ ಗುಪ್ತಚರ ವಿಭಾಗ ಇನ್ನೊಂದು ಕಡೆ. ಹೋರ್‌ನ ಯೋಜನೆ ಈ ಇಬ್ಬರ ನಡುವೆ ಓಡಾಡಿ ಕೊನೆಗೆ ಸೇನೆಯವರ ಮಡಿಲಿಗೆ ಬಿತ್ತು. ಆದರೂ ಹೋರ್‌ಗಿಂತ ಮುಂಚಿತವಾಗಿ ಮಾಹೆಗೆ ಹೋಗಿದ್ದ ತಂಡದಲ್ಲಿ ಮಾರ್ಟಿನ್ ಡೋಲಿಂಚೆಕ್ ಅನ್ನುವ ನಾಗರಿಕ ಗುಪ್ತಚರ ಅಧಿಕಾರಿ ಇದ್ದ. ಸಂಬಂಧವೇ ಇಲ್ಲ ಅಂತ ಹೇಳಬೇಕಾದ ಸರ್ಕಾರದ ಸಂಬಳದ ನೌಕರ, ಖುದ್ದು ಸ್ಥಳದಲ್ಲಿ!

ಮತ್ತೆ ನಿಲ್ದಾಣಕ್ಕೆ ಬರೋಣ. ಗುಂಡು ಹಾರಿದ ಮೇಲೆ ಹೋರ್‌ನ ಗುಂಪು ಟರ್ಮಿನಲ್ಲನ್ನೂ ಕಂಟ್ರೋಲ್ ಟವರನ್ನೂ ಹಿಡಿಯಿತು, ಪಕ್ಕದ ಸೇನಾ ಶಿಬಿರದ ಮೇಲೆ ದಾಳಿಗೆ ಹೋಗಿ ಸೋತು ಬಂತು. ಸೇಶೆಲ್ಸ್‌ನ ಒಬ್ಬ ಯುವ ಸೇನಾಧಿಕಾರಿ ಸತ್ತರು. ಬಾಡಿಗೆ ಸೈನಿಕರಲ್ಲೂ ಒಬ್ಬ ಸತ್ತ, ತಮ್ಮವರದೇ ಗುಂಡಿಗೆ. ಸೇನೆ ರನ್‌ವೇ ಮೇಲೆ ವಾಹನಗಳನ್ನು ಅಡ್ಡ ನಿಲ್ಲಿಸಿತು. ರಾತ್ರಿ ಆಗಿತ್ತು. ಬಂದ ವಿಮಾನ ಗುಂಡೇಟಿಗೆ ಹಾಳಾಗಿತ್ತು. ಹೊರಗೆ ಸೇನೆ, ಹಿಂದೆ ಸಮುದ್ರ.

ಆಗ ಆಕಾಶದಲ್ಲಿ ಏರ್ ಇಂಡಿಯಾ ಕಾಣಿಸಿತು.

ಸಾಲಿಸ್‌ಬರಿಯಿಂದ (ಇವತ್ತಿನ ಹರಾರೆ) ಬಾಂಬೆಗೆ ಹೊರಟಿದ್ದ ಬೋಯಿಂಗ್ 707, ಫ್ಲೈಟ್ 224. ದಾರಿಯಲ್ಲಿ ಸೇಶೆಲ್ಸ್‌ನಲ್ಲಿ ಇಳಿಯಬೇಕಿತ್ತು. ಪ್ರಯಾಣಿಕರು, ಸಿಬ್ಬಂದಿ ಸೇರಿ ಎಂಬತ್ತರ ಹತ್ತಿರ ಜನ. ಕ್ಯಾಪ್ಟನ್ ಉಮೇಶ್ ಸಕ್ಸೇನಾ. ಟವರ್ ಯಾರ ಕೈಯಲ್ಲಿದೆ ಅಂತ ಮೇಲಿದ್ದವರಿಗೆ ಏನು ಗೊತ್ತಾಗಬೇಕು? ಕತ್ತಲಲ್ಲಿ ಇಳಿದ ವಿಮಾನದ ರೆಕ್ಕೆಯ ಫ್ಲ್ಯಾಪ್ ರನ್‌ವೇಯಲ್ಲಿದ್ದ ವಾಹನಕ್ಕೆ ತಗುಲಿ ಜಖಂ ಆಯಿತು. ಇಷ್ಟಾದರೂ ವಿಮಾನ ನಿಂತಿತು, ಯಾರಿಗೂ ಏನೂ ಆಗಲಿಲ್ಲ. ಹೊರಗೆ ನೋಡಿದರೆ ಗುಂಡಿನ ಚಕಮಕಿ. ಒಂದು ಕಡೆ ಇವರನ್ನು ಹೊಡೆದು ಹಾಕಬೇಕು ಅಂತಿರುವ ಸೇನೆ, ಇನ್ನೊಂದು ಕಡೆ ತಪ್ಪಿಸಿಕೊಳ್ಳೋಕೆ ಇದೊಂದೇ ದಾರಿ ಅಂತ ಬಂದೂಕು ಹಿಡಿದು ನಿಂತವರು, ನಡುವೆ ತುಂಬಿದ ವಿಮಾನ. ಮುಂದಿನ ಕೆಲವು ಗಂಟೆಗಳಲ್ಲಿ ಮಾತುಕತೆ ಆಯಿತು, ಇಂಧನ ತುಂಬಿತು, ರನ್‌ವೇ ತೆರವಾಯಿತು. ಮುರಿದ ಫ್ಲ್ಯಾಪ್ ಇಟ್ಟುಕೊಂಡೇ ಕ್ಯಾಪ್ಟನ್ ವಿಮಾನ ಎತ್ತಿದರು. ನಡುರಾತ್ರಿ ಕಳೆದ ಮೇಲೆ ಹೊರಟು ಬೆಳಗಿನ ಜಾವ ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ಇಳಿಯಿತು. ಅಲ್ಲಿ ಮತ್ತೆ ಕೆಲವು ಗಂಟೆ ಮಾತುಕತೆ ನಡೆದು, ಪ್ರಯಾಣಿಕರೆಲ್ಲ ಕ್ಷೇಮವಾಗಿ ಹೊರಬಂದರು.

ಮುಂದೆ ನ್ಯಾಯಾಲಯದಲ್ಲಿ ಹೋರ್ ಕಡೆಯವರು ಇದು ಅಪಹರಣವೇ ಅಲ್ಲ, ಕ್ಯಾಪ್ಟನ್ ಒಪ್ಪಿ ಕರೆದುಕೊಂಡು ಹೋದರು ಅಂತ ವಾದಿಸಿದರು. ಎಕೆ-47 ಹಿಡಿದವರು ಸುತ್ತ ನಿಂತಿರುವಾಗ ಒಪ್ಪೋದು ಅಂದರೆ ಏನು ಅಂತ ಕೋರ್ಟಿಗೂ ಗೊತ್ತಿತ್ತು, ಬಿಡಿ.

ಡರ್ಬನ್‌ನಲ್ಲಿ ಇಳಿದ ಮೇಲಿನ ಭಾಗವೇ ಈ ಪ್ರಕರಣದ ತಿರುಳು. ಡಿಸೆಂಬರ್ ಆರಂಭದಲ್ಲಿ ದಕ್ಷಿಣ ಆಫ್ರಿಕಾ ಸರ್ಕಾರ 39 ಜನರನ್ನು ಯಾವ ಕೇಸೂ ಹಾಕದೆ ಮನೆಗೆ ಕಳಿಸಿತು. ಹೋರ್ ಸೇರಿ ಐವರ ಮೇಲೆ ಮಾತ್ರ ಜನರನ್ನು ಅಪಹರಿಸಿದ ಸಣ್ಣ ಆರೋಪ, ಅವರಿಗೂ ಜಾಮೀನು. ಒಂದಷ್ಟು ಕಿಟಕಿ ಗಾಜು ಒಡೆದು ಪೊದೆಯಲ್ಲಿ ಓಡಾಡಿದರು ಅಷ್ಟೇ ತಾನೆ, ನಮ್ಮ ಯಾವ ಕಾನೂನು ಮುರಿದರು ಅನ್ನುವ ಧಾಟಿಯಲ್ಲಿ ಪೊಲೀಸ್ ಖಾತೆಯ ಮಂತ್ರಿ ಮಾತಾಡಿದರು. ಕೋಪ ಬರುತ್ತೆ, ಆದರೆ ಕಾನೂನಿನ ಮಟ್ಟಿಗೆ ಅವರು ಹೇಳಿದ್ದರಲ್ಲಿ ಅರ್ಧ ನಿಜ ಇತ್ತು. ಬೇರೆ ದೇಶದ ಸರ್ಕಾರ ಉರುಳಿಸೋಕೆ ಆಳು ಕಳಿಸಬಾರದು ಅನ್ನುವ ಕಾನೂನು ಆಗ ಅಲ್ಲಿ ಇರಲಿಲ್ಲ. ಅದು ಬಂದದ್ದು 1998ರಲ್ಲಿ, ವರ್ಣಭೇದ ಮುಗಿದ ಮೇಲೆ. ಅದೇ ಕಾನೂನಿನ ಅಡಿಯಲ್ಲಿ 2005ರಲ್ಲಿ ಬ್ರಿಟನ್ನಿನ ಮಾಜಿ ಪ್ರಧಾನಿಯ ಮಗ ಮಾರ್ಕ್ ಥ್ಯಾಚರ್, ಈಕ್ವಟೋರಿಯಲ್ ಗಿನಿಯ ದಂಗೆ ಪ್ರಯತ್ನದ ಕೇಸಿನಲ್ಲಿ ತಪ್ಪೊಪ್ಪಿಕೊಂಡು ದಂಡ ಕಟ್ಟಿದರು.

ಅಂದರೆ 1981ರಲ್ಲಿ ಒಂದು ದೇಶದ ಮೇಲೆ ದಾಳಿ ಮಾಡಿ ಬಂದವನು ಆರಾಮಾಗಿ ಮನೆಯಲ್ಲಿರಬಹುದಿತ್ತು. ಅವನನ್ನು ಸಿಕ್ಕಿಸಿದ್ದು ಏರ್ ಇಂಡಿಯಾ ವಿಮಾನ. 1978ರಲ್ಲಿ ಪಶ್ಚಿಮ ಜರ್ಮನಿಯ ಬಾನ್ ನಗರದಲ್ಲಿ ಸೇರಿದ್ದ ಏಳು ಶ್ರೀಮಂತ ದೇಶಗಳು, ವಿಮಾನ ಅಪಹರಿಸಿದವರನ್ನು ಶಿಕ್ಷಿಸದ ದೇಶಕ್ಕೆ ನಮ್ಮ ವಿಮಾನ ಸಂಚಾರ ನಿಲ್ಲಿಸುತ್ತೇವೆ ಅಂತ ಘೋಷಿಸಿದ್ದವು. ಲಂಡನ್, ಫ್ರಾಂಕ್‌ಫರ್ಟ್ ವಿಮಾನ ನಿಂತರೆ ದಕ್ಷಿಣ ಆಫ್ರಿಕಾದ ವ್ಯಾಪಾರವೇ ಉಸಿರು ಕಟ್ಟುತ್ತಿತ್ತು. ವರ್ಣಭೇದಕ್ಕೆ ವರ್ಷಗಟ್ಟಲೆ ಬೈಸಿಕೊಂಡರೂ ಜಗ್ಗದ ಸರ್ಕಾರ ಇದಕ್ಕೆ ಜಗ್ಗಿತು. 1982ರ ಜನವರಿಯಲ್ಲಿ ಎಲ್ಲರ ಮೇಲೂ ವಿಮಾನ ಅಪಹರಣದ ಕೇಸು ಬಿತ್ತು. ಪೀಟರ್‌ಮಾರಿಟ್ಸ್‌ಬರ್ಗ್‌ನಲ್ಲಿ ವಿಚಾರಣೆ ನಡೆದು ಜುಲೈನಲ್ಲಿ ತೀರ್ಪು ಬಂತು. ಹೋರ್‌ಗೆ 10 ವರ್ಷ. ಉಳಿದ ಹೆಚ್ಚಿನವರಿಗೆ ಕೆಲವೇ ತಿಂಗಳು. ಹೋರ್ 1985ರಲ್ಲಿ ಹೊರಬಂದ. 2020ರಲ್ಲಿ ನೂರು ತುಂಬಿದವನಾಗಿ ಸತ್ತ.

ದಂಗೆಗಂತೂ ಶಿಕ್ಷೆ ಆಗಲೇ ಇಲ್ಲ.

ಹೋರ್ ಕೋರ್ಟಿನಲ್ಲಿ ಬಾಯಿ ಬಿಟ್ಟ: ಸರ್ಕಾರಕ್ಕೆ ಎಲ್ಲ ಗೊತ್ತಿತ್ತು, ಬಂದೂಕು ನನ್ನ ಮನೆಗೆ ತಂದು ಇಳಿಸಿದ್ದು ಸೇನೆಯವರೇ. ತೀರ್ಪಿನ ನಂತರ ಪ್ರಧಾನಿ ಪಿ.ಡಬ್ಲ್ಯು. ಬೋಥಾ ಸೇನೆಯ ಕಡೆಯಿಂದ ಶಸ್ತ್ರ ಹೋದದ್ದನ್ನು ಒಪ್ಪಿಕೊಂಡರು, ಆದರೆ ಸಚಿವ ಸಂಪುಟಕ್ಕೆ ಏನೂ ಗೊತ್ತಿರಲಿಲ್ಲ ಅಂದರು. ಇಲ್ಲಿ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. 'ಗೊತ್ತಿರಲಿಲ್ಲ' ಅನ್ನೋದಕ್ಕೆ ಜಾಗ ಉಳಿಸಿಕೊಳ್ಳುವ ಹಾಗೆಯೇ ಇಂಥ ಕೆಲಸಗಳನ್ನು ಮೊದಲಿನಿಂದ ಹೆಣೆಯುತ್ತಾರೆ. ಬಂದೂಕು ಕೊಡಬೇಕು, ಆದರೆ ನಮ್ಮದು ಅಂತ ಗೊತ್ತಾಗಬಾರದು. ಆಳು ನಮ್ಮವರೇ ಇರಬೇಕು, ಆದರೆ ಸಮವಸ್ತ್ರ ಇರಬಾರದು. ಹೀಗೆ ಕೊಟ್ಟರೂ ಕೊಡದ ಹಾಗೆ ಇರೋಕೆ ಹೋಗಿ ಸೇನೆಯ ವಿಮಾನ ಕೊಡಲಿಲ್ಲ, ಹಡಗು ಕೊಡಲಿಲ್ಲ. ಅದಕ್ಕೇ ನಲವತ್ತಕ್ಕೂ ಜಾಸ್ತಿ ಜನ ಟಿಕೆಟ್ ತೆಗೆದುಕೊಂಡು, ಕಸ್ಟಮ್ಸ್ ಸಾಲಿನಲ್ಲಿ ಬಂದೂಕು ಹೊತ್ತು ನಿಲ್ಲಬೇಕಾಯಿತು. ಯೋಜನೆ ಹಾಳಾದದ್ದು ಒಬ್ಬ ಕಸ್ಟಮ್ಸ್ ಅಧಿಕಾರಿಯಿಂದ ಅಂತ ಎಲ್ಲರೂ ಬರೆಯುತ್ತಾರೆ. ನಿಜ ಹೇಳಬೇಕೆಂದರೆ ಅದು ಹಾಳಾದದ್ದು ದಕ್ಷಿಣ ಆಫ್ರಿಕಾ ಸರ್ಕಾರ ಕೂರುವ ಪ್ರಿಟೋರಿಯಾದಲ್ಲೇ, ಗೆದ್ದರೆ ನಮಗೂ ಪಾಲು, ಸೋತರೆ ನಮಗೆ ಸಂಬಂಧವಿಲ್ಲ ಅಂತ ಲೆಕ್ಕ ಹಾಕಿದ ದಿನ.

ಹಿಂದೆ ಉಳಿದವರ ಕಥೆ ನೋಡಿದರೆ ಇದು ಇನ್ನೂ ಸ್ಪಷ್ಟ. ಮುಂಚೆಯೇ ಹೋಗಿ ಹೋಟೆಲುಗಳಲ್ಲಿ ಕೂತಿದ್ದವರಲ್ಲಿ ಕೆಲವರಿಗೆ ಏರ್ ಇಂಡಿಯಾ ಹತ್ತೋಕೆ ಆಗಲಿಲ್ಲ. ಏಳು ಜನ ಸಿಕ್ಕಿಬಿದ್ದರು, ಅವರಲ್ಲಿ ಒಬ್ಬ ಹೆಂಗಸು. ಆಕೆಯ ಮೇಲಿನ ಕೇಸು ಕೈಬಿಟ್ಟರು. ನಾಲ್ವರಿಗೆ ಮರಣದಂಡನೆ, ಡೋಲಿಂಚೆಕ್‌ಗೆ 20 ವರ್ಷ, ಇನ್ನೊಬ್ಬನಿಗೆ 10 ವರ್ಷ. ಯಾರನ್ನೂ ಗಲ್ಲಿಗೆ ಹಾಕಲಿಲ್ಲ. 1983ರಲ್ಲಿ ಎಲ್ಲರೂ ಬಿಡುಗಡೆಯಾಗಿ ದಕ್ಷಿಣ ಆಫ್ರಿಕಾಕ್ಕೆ ಹೋದರು. ಅದಕ್ಕೆ ದಕ್ಷಿಣ ಆಫ್ರಿಕಾ 30 ಲಕ್ಷ ಡಾಲರ್ ಕೊಟ್ಟಿತ್ತು ಅನ್ನುವುದು ಆಮೇಲೆ ಬಯಲಾಯಿತು. ಸಂಬಂಧವೇ ಇಲ್ಲದವರಿಗೆ ಯಾರಾದರೂ ಸುಮ್ನೆ 30 ಲಕ್ಷ ಡಾಲರ್ ಕೊಡ್ತಾರಾ?

ವಿಶ್ವಸಂಸ್ಥೆಯ ಭದ್ರತಾ ಮಂಡಳಿ 1981ರ ಡಿಸೆಂಬರ್‌ನಲ್ಲೇ 496ನೇ ನಿರ್ಣಯದ ಮೂಲಕ ವಿಚಾರಣಾ ಆಯೋಗ ಮಾಡಿತು, 1982ರ ಮೇನಲ್ಲಿ 507ನೇ ನಿರ್ಣಯದಲ್ಲಿ ದಾಳಿಯನ್ನು ಖಂಡಿಸಿ ಸೇಶೆಲ್ಸ್‌ಗೆ ನೆರವಿನ ನಿಧಿಗೆ ಕರೆ ಕೊಟ್ಟಿತು. ನಿಲ್ದಾಣ ಹಾಳಾಗಿತ್ತು, ಪ್ರವಾಸಿಗಳು ಹೆದರಿದ್ದರು, ಪ್ರವಾಸೋದ್ಯಮ ಬಿಟ್ಟರೆ ಆ ದೇಶಕ್ಕೆ ಬೇರೆ ದೊಡ್ಡ ಆದಾಯ ಇರಲಿಲ್ಲ.

ಒಳಗಿನ ಕಥೆ ಅಷ್ಟಕ್ಕೇ ಮುಗಿಯಲಿಲ್ಲ. 1982ರ ಆಗಸ್ಟ್ 17ರಂದು ಸೇಶೆಲ್ಸ್ ಸೇನೆಯ ಕೆಳದರ್ಜೆಯ ಸಿಪಾಯಿಗಳೇ ತಿರುಗಿಬಿದ್ದರು. ರೇಡಿಯೊ ಕೇಂದ್ರ ಹಿಡಿದು ಜನರನ್ನು ಒತ್ತೆ ಇಟ್ಟುಕೊಂಡರು. ಇದರಲ್ಲಿ ಹೊರಗಿನವರ ಯೋಜನೆ ಏನೂ ಕಾಣಲಿಲ್ಲ, ಮೇಲಧಿಕಾರಿಗಳು ನಡೆಸಿಕೊಳ್ಳುವ ರೀತಿಯ ಮೇಲೆ ಸಿಟ್ಟು. ಅದನ್ನು ಅಡಗಿಸೋಕೆ ಬಂದದ್ದು ಮಾತ್ರ ಹೊರಗಿನವರು, ತಾಂಜಾನಿಯಾದ ಸೈನಿಕರು. ಒಂಬತ್ತು ತಿಂಗಳ ಹಿಂದೆ ಬಾಡಿಗೆ ಸೈನಿಕರ ವಿರುದ್ಧ ದೇಶ ಕಾದ ಸೇನೆಯ ಒಳಗೇ ಇಷ್ಟು ಅಸಮಾಧಾನ ಇತ್ತು. ಎಲ್ಲಕ್ಕೂ 'ವಿದೇಶಿ ಕೈವಾಡ' ಅನ್ನುವ ಮಾತು ರೆನೆಗೂ ಅನುಕೂಲವಾಗಿತ್ತು.

1985ರ ನವೆಂಬರ್‌ನಲ್ಲಿ ವಿರೋಧಿ ನಾಯಕ ಜೆರಾರ್ ಹೊರೊ ಅವರನ್ನು ಲಂಡನ್ನಿನ ಅವರ ಮನೆ ಬಾಗಿಲಲ್ಲೇ ಗುಂಡಿಕ್ಕಿ ಕೊಂದರು. ಕೊಂದವರಿಗೆ ಶಿಕ್ಷೆಯಾಗಿಲ್ಲ. ಇನ್ನೊಂದು ವಿಚಿತ್ರ ಕೇಳಿ: ರೆನೆಗೆ ಬಹಳ ಹತ್ತಿರದವನಾಗಿದ್ದ ಇಟಲಿಯ ವ್ಯಾಪಾರಿ ಮಾರಿಯೊ ರಿಚ್ಚಿಯ ಕಂಪನಿಯಲ್ಲಿ 1986ರ ಹೊತ್ತಿಗೆ ಕ್ರೇಗ್ ವಿಲಿಯಮ್ಸನ್ ಪಾಲುದಾರನಾಗಿದ್ದ. ಯಾರಿವನು? ದಕ್ಷಿಣ ಆಫ್ರಿಕಾದ ಕುಖ್ಯಾತ ಗೂಢಚಾರ. ಬಂದೂಕಿನಿಂದ ಸಾಧ್ಯವಾಗದ ಗೆಳೆತನ ಐದು ವರ್ಷದೊಳಗೆ ವ್ಯಾಪಾರದಿಂದ ಕುದುರಿತ್ತು.

ಇನ್ನು ನಮ್ಮ ದೇಶದ ಪಾತ್ರ. 1986ರ ಜೂನ್‌ನಲ್ಲಿ ಮತ್ತೊಂದು ದಂಗೆಯ ಸುಳಿವು ಸಿಕ್ಕಾಗ ಭಾರತದ ನೌಕಾಪಡೆ ಐಎನ್‌ಎಸ್ ವಿಂಧ್ಯಗಿರಿಯನ್ನು ಸೇಶೆಲ್ಸ್ ರಾಜಧಾನಿ ವಿಕ್ಟೋರಿಯಾದ ಬಂದರಿಗೆ ಕಳಿಸಿತು. ನೆಪಕ್ಕೆ ರಿಪೇರಿ. ಕಾರ್ಯಾಚರಣೆಯ ಹೆಸರು 'ಫ್ಲವರ್ಸ್ ಆರ್ ಬ್ಲೂಮಿಂಗ್'. ಒಂದೂ ಗುಂಡು ಹಾರಲಿಲ್ಲ. ಸೆಪ್ಟೆಂಬರ್‌ನಲ್ಲಿ ರೆನೆ ಅಲಿಪ್ತ ಶೃಂಗಸಭೆಗೆ ಹರಾರೆಗೆ ಹೋಗಿದ್ದಾಗ ರಕ್ಷಣಾ ಮಂತ್ರಿ ಓಗಿಲ್ವಿ ಬರ್ಲೂಯಿ ಸಂಚು ಮಾಡುತ್ತಿದ್ದಾರೆ ಅನ್ನುವ ಸುದ್ದಿ ಬಂತು. ರಾಜೀವ್ ಗಾಂಧಿ ತಮ್ಮ ವಿಮಾನ ಕೊಟ್ಟು ರೆನೆಯನ್ನು ಊರಿಗೆ ಮುಟ್ಟಿಸಿದರು. ಬರ್ಲೂಯಿ ರಾಜೀನಾಮೆ ಕೊಟ್ಟರು. 1977ರಲ್ಲಿ ಮ್ಯಾಂಚಮ್ ವಿದೇಶದಲ್ಲಿದ್ದಾಗ ಖುರ್ಚಿ ಹೋದದ್ದು ಹೇಗೆ ಅಂತ ರೆನೆಗಿಂತ ಚೆನ್ನಾಗಿ ಯಾರಿಗೆ ಗೊತ್ತು, ಅಲ್ವಾ?

ಮಾಲ್ಡೀವ್ಸ್‌ನ 1988ರ ಕಾರ್ಯಾಚರಣೆ ನಮಗೆಲ್ಲ ನೆನಪಿದೆ, ಇದು ಅಷ್ಟಾಗಿ ಇಲ್ಲ. ಹೆಮ್ಮೆ ಪಡುವವರು ಪಡಲಿ. ಆದರೆ ನಾವು ಕಾಪಾಡಿದ್ದು ದಂಗೆಯಿಂದ ಬಂದ, ಚುನಾವಣೆಯಲ್ಲಿ ಎದುರಾಳಿಯನ್ನೇ ಬಿಡದ ಒಬ್ಬ ಆಳುವವನನ್ನು ಅನ್ನೋದೂ ಅದರ ಜೊತೆಗೇ ಬರುತ್ತದೆ. ಡಿಯಾಗೊ ಗಾರ್ಸಿಯಾ, ದಕ್ಷಿಣ ಆಫ್ರಿಕಾ, ಇವುಗಳ ಲೆಕ್ಕ ಹಾಕಿಯೇ ದೆಹಲಿ ಹಡಗು ಕಳಿಸಿದ್ದು. ಸೇಶೆಲ್ಸ್‌ನಲ್ಲಿ ಬಹುಪಕ್ಷ ಚುನಾವಣೆ ಆದದ್ದು 1993ರಲ್ಲಿ, ರೆನೆ ಆಗಲೂ ಗೆದ್ದು 2004ರವರೆಗೆ ಇದ್ದರು. 1977ರ ದಂಗೆಯಿಂದಾಚೆಗಿನ ದೂರುಗಳನ್ನು ಕೇಳೋಕೆ ಅಲ್ಲಿ ಸತ್ಯಶೋಧನಾ ಆಯೋಗ ಆದದ್ದು 2018ರಲ್ಲಿ.

ಅದೇ 2018ರ ಜನವರಿಯಲ್ಲಿ ಸೇಶೆಲ್ಸ್‌ನ ಅಸಂಪ್ಷನ್ ದ್ವೀಪದಲ್ಲಿ ಸೇನಾ ಸೌಲಭ್ಯ ಕಟ್ಟೋಕೆ ಭಾರತ ಪರಿಷ್ಕೃತ ಒಪ್ಪಂದಕ್ಕೆ ಸಹಿ ಹಾಕಿತು. ವಿಕ್ಟೋರಿಯಾದಲ್ಲಿ ಜನ ಬೀದಿಗಿಳಿದು ವಿರೋಧಿಸಿದರು. ಅಷ್ಟರಲ್ಲಿ ಸಂಸತ್ತಿನಲ್ಲಿ ವಿರೋಧ ಪಕ್ಷಕ್ಕೆ ಬಹುಮತ ಇತ್ತು, ಅವರು ಒಪ್ಪಿಗೆ ಕೊಡುವುದಿಲ್ಲ ಅಂದರು. ಒಪ್ಪಂದ ಮತಕ್ಕೆ ಬರಲೇ ಇಲ್ಲ. ಈ ಸಲ ದ್ವೀಪದ ಮೇಲೆ ಕಣ್ಣಿಟ್ಟ ಹೊರಗಿನವರು ನಾವೇ ಆಗಿದ್ದೆವು.